ಹದಿನಾರು ಜನರ ಹೋಟೆಲಿಗೆ ಸಮಿತಿ ಯಾಕೆ?

ಚಾಕಣದ ಕಾರ್ಖಾನೆ ರಸ್ತೆಯಲ್ಲಿ ಸುಂದರ ಶೆಟ್ಟರ ಹೋಟೆಲ್ ಇದೆ. ಪಾಳಿಗೆ ಹೋಗುವವರು ಇಡ್ಲಿ ತಿಂದು, ಪಾಳಿ ಮುಗಿಸಿದವರು ಚಹಾ ಕುಡಿದು ಹೋಗುವ ಜಾಗ. ಕೆಲಸಕ್ಕೆ ಹದಿನಾರು ಜನ, ಅವರಲ್ಲಿ ಆರು ಹೆಂಗಸರು. ಗಲ್ಲಾದಲ್ಲಿ ಸುಂದರರ ಹೆಂಡತಿ ಪಂಕಜಾಕ್ಷಿ ಕೂರುತ್ತಾರೆ.

ಒಂದು ಸೋಮವಾರ, ತರಕಾರಿ ಹೆಚ್ಚುವ ಮಾಯಾ ಕೆಲಸಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನೂ ಎತ್ತಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಹೇಳದೆ ರಜೆ ಮಾಡಿದವಳಲ್ಲ. ಬುಧವಾರ ಬೆಳಿಗ್ಗೆ ಪಂಕಜಾಕ್ಷಿ ಅವಳ ಬಾಡಿಗೆ ಕೋಣೆಗೇ ಹೋದರು.

ಮಾಯಾ ಕಲಬುರಗಿ ಕಡೆಯ ಹೆಣ್ಣುಮಗಳು. ಬಾಗಿಲು ತೆರೆದವಳು ಕಣ್ಣೆತ್ತಿ ನೋಡಲಿಲ್ಲ.

"ಮೈ ಹುಷಾರಿಲ್ವಾ ಮಾಯಾ?"

"ಮೈಗೇನೂ ಆಗಿಲ್ರಿ ಅಕ್ಕಾರ. ನಾ ಕೆಲಸ ಬಿಡ್ತೀನ್ರಿ."

ಪಂಕಜಾಕ್ಷಿ ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದಳು. ಹಿರಿಯ ಅಡುಗೆಯವ ಕಾಂತಪ್ಪ ಎರಡು ತಿಂಗಳಿಂದ ಕಾಡುತ್ತಿದ್ದ. ಮೊದಲು ಹೊಲಸು ಮಾತು. ಆಮೇಲೆ ದಾಟಿ ಹೋಗುವಾಗ ಮೈ ಸವರುವುದು. ಶನಿವಾರ ದಿನಸಿ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಕೈ ಹಿಡಿದೆಳೆದಿದ್ದ. ಅವಳು ಕೈಗೆ ಸಿಕ್ಕ ಡಬ್ಬಿಗಳನ್ನು ಕೆಡವಿ ಸದ್ದು ಮಾಡಿ ತಪ್ಪಿಸಿಕೊಂಡಿದ್ದಳು.

"ನಮ್ಮವರಿಗಾದರೂ ಹೇಳಬಾರದಿತ್ತಾ?"

"ಹೇಳೀನ್ರಿ. ಅವತ್ತ ಹೇಳೀನಿ. ನೀ ನಾಕು ದಿನ ಮನ್ಯಾಗ ಇರು, ನಾ ಅವಂಗ ಹೇಳ್ತೀನಿ ಅಂದ್ರು."

ಗಂಡ ಈ ಮಾತನ್ನು ಮನೆಯಲ್ಲಿ ಎತ್ತಿಯೇ ಇರಲಿಲ್ಲ. ಅಲ್ಲಿಂದಲೇ ಗೆಳತಿ ನೀತಾಗೆ ಫೋನ್ ಮಾಡಿದರು. ನೀತಾ ಸೊಲ್ಲಾಪುರದ ಕನ್ನಡದವರು. ಪಿಂಪರಿಯಲ್ಲಿ ದುಡಿಯುವ ಹೆಂಗಸರ ಸಂಸ್ಥೆಯೊಂದರಲ್ಲಿ ಇದ್ದಾರೆ. ಮಧ್ಯಾಹ್ನದ ಊಟದ ಗದ್ದಲ ಮುಗಿಯುವ ಹೊತ್ತಿಗೆ ಹೋಟೆಲಿಗೆ ಬಂದರು.

ಸುಂದರರಿಗೆ ಅದು ಹಿಡಿಸಲಿಲ್ಲ. "ಕಾಂತಪ್ಪ ನಮ್ಮ ಊರಿನವ. ನಾನು ಗಾಡಿಯಲ್ಲಿ ದೋಸೆ ಮಾರುತ್ತಿದ್ದಾಗಿಂದ ನನ್ನೊಟ್ಟಿಗೆ ಇದ್ದಾನೆ. ಅವನಿಗೆ ಬುದ್ಧಿ ಹೇಳಿದ್ದೇನೆ. ಅಲ್ಲಿಗೆ ಮುಗೀತಲ್ಲ?"

"ಬುದ್ಧಿ ಹೇಳಿದ್ದು ಅವಂಗ. ಮನಿಗೆ ಕಳಿಸಿದ್ದು ಯಾರ್ನರಿ?" ಎಂದು ನೀತಾ ಕೇಳಿದರು.

ಸುಂದರ ಬಿಡಲಿಲ್ಲ. "ಅವಳು ಹೇಳಿದ್ದೇ ನಿಜ ಅಂತ ಹೇಗೆ ಹೇಳೂದು?" ಅಂದರು.

"ಅದನ್ನ ನೀವೂ ಹೇಳಂಗಿಲ್ಲ, ನಾನೂ ಹೇಳಂಗಿಲ್ಲ. ಸಮಿತಿ ವಿಚಾರ್ಸಬೇಕು. ನಿಮ್ಮಲ್ಲಿ ಸಮಿತಿ ಅದ ಏನ್ರಿ?"

"ಎಂತ ಸಮಿತಿ? ಅದೆಲ್ಲ ದೊಡ್ಡ ಕಂಪನಿಗೆ. ನಮ್ಮದು ಮನೆ ಇದ್ದ ಹಾಗೆ."

"ಹತ್ತು ಜನ ಕೆಲಸಕ್ಕಿದ್ರ ಸಾಕ್ರಿ, ಆಂತರಿಕ ಸಮಿತಿ ಇರಲೇಬೇಕು. ಕೆಲಸದ ಜಾಗದಾಗ ಹೆಂಗಸರಿಗೆ ಲೈಂಗಿಕ ಕಿರುಕುಳ ಆಗಬಾರ್ದು ಅಂತ ಎರಡು ಸಾವಿರದ ಹದಿಮೂರರಾಗ ಬಂದ ಕಾಯ್ದೆ ಅದು. ಹೋಟೆಲ್ಲಾದ್ರೂ ಅಷ್ಟ, ಗ್ಯಾರೇಜಾದ್ರೂ ಅಷ್ಟ. ಇಲ್ಲಾಂದ್ರ ಐವತ್ತು ಸಾವಿರದ ತನಕ ದಂಡ. ಅದ ತಪ್ಪು ಮತ್ತ ಮಾಡಿದ್ರ ಲೈಸೆನ್ಸಿಗೂ ಕುತ್ತು."

"ದಂಡದ ಮಾತು ಬಿಡಿ," ಪಂಕಜಾಕ್ಷಿ ನಡುವೆ ಬಂದರು. "ಮನೆ ಇದ್ದ ಹಾಗೆ ಅಂತೀರಲ್ಲ. ಬೇಳೆ ತರಲಿಕ್ಕೆ ದಿನಸಿ ಕೋಣೆಗೆ ಹೋಗುವುದಕ್ಕೆ ಆ ಹುಡುಗಿ ಹೆದರಬೇಕಾದರೆ ಇದು ಎಂತ ಮನೆ?"

ಸುಂದರ ಕುರ್ಚಿ ಎಳೆದು ಕೂತರು. "ಸರಿ. ಹೇಗೆ ಮಾಡೂದು ಹೇಳಿ."

ನೀತಾ ಹೇಳಿದರು: "ಅಧ್ಯಕ್ಷೆ ನಿಮ್ಮಲ್ಲೇ ಕೆಲಸ ಮಾಡೋ ಹಿರಿಯ ಹೆಣ್ಣುಮಗಳಾಗಿರಬೇಕು. ಕೆಲಸದವರೊಳಗ ಇನ್ನ ಇಬ್ಬರು. ಹೊರಗಿನ ಸಂಸ್ಥೆಯವರು ಒಬ್ಬರು. ಅರ್ಧದಷ್ಟಾದ್ರೂ ಹೆಂಗಸರಿರಬೇಕು."

"ಹೊರಗಿನವರು ನೀವೇ ಆಗಿ."

"ನಾ ಬ್ಯಾಡ್ರಿ. ಪಂಕಜಾಕ್ಷಿ ಗೆಳತಿ ಕುಂತು ತೀರ್ಮಾನ ಮಾಡಿದ್ಲು ಅಂತ ಕಾಂತಪ್ಪಗ ಅನ್ನಿಸಬಾರ್ದು. ಬ್ಯಾರೆಯವರನ್ನ ಕಳಸ್ತೀನಿ."

ಆ ವಾರವೇ ಸಮಿತಿಯಾಯಿತು. ಊಟದ ಹಾಲ್ ನೋಡಿಕೊಳ್ಳುವ ಮೈಸೂರು ಕಡೆಯ ಮಹದೇವಮ್ಮ ಅಧ್ಯಕ್ಷೆಯಾದರು. ಪಂಕಜಾಕ್ಷಿ ಕರೆದ ಮೇಲೆ ಮಾಯಾ ದೂರು ಕೊಡಲು ಬಂದಳು. "ನನಗ ಬರಿಯಾಕ ಬರಂಗಿಲ್ರಿ," ಅಂದಳು.

"ನೀನ್ ಹೇಳು ಕಂದ, ನಾನ್ ಬರ್ಕೋತೀನಿ," ಅಂದರು ಮಹದೇವಮ್ಮ. ಬರೆದದ್ದನ್ನು ಎರಡು ಸಲ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡರು. ವಿಚಾರಣೆ ಮುಗಿಯುವವರೆಗೆ ಕಾಂತಪ್ಪ ತನ್ನ ಎದುರಿಗೆ ಇರಬಾರದು ಎಂದೂ ಮಾಯಾ ಬರೆಸಿದಳು. ಸಮಿತಿ ಒಪ್ಪಿತು. ಸುಂದರ ಅವನನ್ನು ರಾಂಜಣಗಾಂವದಲ್ಲಿ ತಾವು ನಡೆಸುವ ಕ್ಯಾಂಟೀನಿಗೆ ಕಳಿಸಿದರು. ಅಲ್ಲಿ ಹೆಂಗಸರು ಕೆಲಸಕ್ಕಿರಲಿಲ್ಲ. ಅಲ್ಲಿಯ ಅಡುಗೆಯವ ಇಲ್ಲಿಗೆ ಬಂದ.

ದೂರಿನ ಪ್ರತಿ ಕಾಂತಪ್ಪನಿಗೂ ಸಿಕ್ಕಿತು. ಉತ್ತರ ಕೊಡಲು ಹತ್ತು ಕೆಲಸದ ದಿನ. ಎಲ್ಲ ಸುಳ್ಳು ಎಂದು ಅವನು ಬರೆದುಕೊಟ್ಟ. ಆಗ ಪಾತ್ರೆ ತೊಳೆಯುವ ಪುಟ್ಟಿ ತಾನಾಗಿಯೇ ಸಮಿತಿಯ ಮುಂದೆ ಬಂದಳು. ಡಬ್ಬಿ ಬಿದ್ದ ಸದ್ದಿಗೆ ತಾನು ಓಡಿಬಂದದ್ದು, ದಿನಸಿ ಕೋಣೆಯ ಬಾಗಿಲಲ್ಲಿ ಕಾಂತಪ್ಪ ನಿಂತಿದ್ದದ್ದು, ಮಾಯಾ ಅಳುತ್ತಾ ಹೊರಗೆ ಬಂದದ್ದು ಹೇಳಿದಳು. ಕೊನೆಗೆ, "ಹೋದ ವರ್ಷ ನಂಗೂ ಹಿಂಗೇ ಮಾಡಿದ್ದ," ಅಂದಳು.

ಏಳನೇ ವಾರ ವರದಿ ಬಂತು. ದೂರು ನಿಜ, ಕೆಲಸದಿಂದ ತೆಗೆಯಬೇಕು ಎಂದಿತ್ತು. ಮರುದಿನ ಸುಂದರ ಕಾಂತಪ್ಪನನ್ನು ಕರೆಸಿ ಕೆಲಸದಿಂದ ತೆಗೆದ ಪತ್ರ ಕೊಟ್ಟರು. "ನನ್ನ ಇಷ್ಟು ವರ್ಷದ ದುಡಿಮೆಗೆ ಇದೇನಾ ಧಣಿ?" ಎಂದ ಅವನು. ಸುಂದರ ಅವನ ಸಂಬಳದ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಕ್ಯಾಂಟೀನಿನ ಅಡುಗೆಯವ ಅಲ್ಲಿಗೆ ಮರಳಿದ; ಹೊಸಬ ಸಿಗುವವರೆಗೆ ಎರಡು ವಾರ ಸುಂದರ ತಾವೇ ಕಾವಲಿ ಮುಂದೆ ನಿಂತರು. ದೋಸೆ ಸೀದವು, ಗಿರಾಕಿಗಳು ಗೊಣಗಿದರು, ಹೋಟೆಲ್ ನಡೆಯಿತು.

ಒಂದು ಸಂಜೆ ಅವರು ಮಾಯಾಳನ್ನು ಕರೆದು ಹೇಳಿದರು, "ನಿನ್ನನ್ನು ಮನೆಗೆ ಕಳಿಸಬಾರದಿತ್ತು. ಅದು ನನ್ನ ತಪ್ಪು."

"ಪುಟ್ಟಿಗೆ ಹೋದ ವರ್ಷ ಹೇಳ್ಕೊಳ್ಳಾಕ ಒಂದು ಜಾಗ ಇದ್ದಿದ್ರ, ನನಗ ಹಿಂಗ ಆಗ್ತಿರಲಿಲ್ರಿ ಮಾಲಕ್ರ," ಅಂದಳು ಮಾಯಾ.

ಅಂಗಡಿ, ಹೋಟೆಲ್, ವರ್ಕ್‌ಶಾಪ್ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ದೂರು ಬಂದ ಮೇಲೆ ಸಮಿತಿ ಮಾಡೋಣ ಎಂದು ಕಾಯಬೇಡಿ. ಹತ್ತು ಜನ ಇದ್ದರೆ ಈಗಲೇ ಮಾಡಿ. ಸದಸ್ಯರ ಹೆಸರು, ಫೋನ್ ನಂಬರನ್ನು ಕೆಲಸದವರು ಓದಬಲ್ಲ ಭಾಷೆಯಲ್ಲಿ ಗೋಡೆಗೆ ಹಚ್ಚಿ. ಓದು ಬಾರದವರಿಗೆ ಬಾಯಿಮಾತಲ್ಲಿ ತಿಳಿಸಿ. ದೂರು ಕೊಟ್ಟವಳ ಹೆಸರನ್ನು ಯಾರೂ ಹೊರಗೆ ಆಡಬಾರದು. ತೊಂಬತ್ತು ದಿನದೊಳಗೆ ವಿಚಾರಣೆ ಮುಗಿಯಬೇಕು.

ಕೆಲಸ ಮಾಡುವ ತಂಗಿಯರೇ, ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಿ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಕೆಲಸ ಮಾಡುತ್ತಿದ್ದರೆ, ಅಥವಾ ತಪ್ಪು ಮಾಡಿದವನು ಮಾಲೀಕನೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಕೆಲಸ ಬಿಟ್ಟು ಮನೆಗೆ ಹೋಗಬೇಕಾದವರು ನೀವಲ್ಲ.