ಸುಲಿದ ಕಡಲೆಕಾಯಿಯ ವಾರ

ಆ ಚಿತ್ರಮಂದಿರದ ಕಸ ಗುಡಿಸಿ ಗುಡಿಸಿ ಟಾಕೀಸಮ್ಮನ ಮಂಡಿ ಸವೆದಿತ್ತು, ನಾಲಿಗೆ ಮಾತ್ರ ಹರಿತವಾಗುತ್ತಲೇ ಬಂದಿತ್ತು. ಜಗತ್ತಿನಲ್ಲಿ ಅವಳಿಗೆ ಇದ್ದ ಹಗೆ ಒಂದೇ, ಬೇಯಿಸಿದ ಕಡಲೆಕಾಯಿ. ಹುರಿದದ್ದಾದರೆ ಸಿಪ್ಪೆ ಒಣಗಿರುತ್ತದೆ, ಪೊರಕೆ ತೋರಿಸಿದರೆ ಸಾಕು ಹಾರಿ ಓಡುತ್ತದೆ. ಬೇಯಿಸಿದ್ದರ ಸಿಪ್ಪೆ ಕರೆಯದೆ ಬಂದ ನೆಂಟನ ಹಾಗೆ, ಕೂತಲ್ಲೇ ಅಂಟಿಕೊಳ್ಳುತ್ತದೆ. ಸೀಟಿನ ಸಂದಿಗೆ ಬೆರಳು ಹಾಕಿ ಕೀಳಬೇಕು, ಕೀಳುವಾಗ ಆ ಸೀಟಿನಲ್ಲಿ ಕೂತಿದ್ದವನ ವಂಶವನ್ನೆಲ್ಲ ನೆನೆಯಬೇಕು.

ಮಾರುವವನು ಗೇಟಿನ ಹೊರಗೇ ಗಾಡಿ ನಿಲ್ಲಿಸುತ್ತಿದ್ದ. ದೊಡ್ಡ ಹಂಡೆಯಲ್ಲಿ ಕಡಲೆಕಾಯಿ ಕುದಿಸುತ್ತಿದ್ದುದರಿಂದಲೋ, ಅವನ ಹೊಟ್ಟೆ ನೋಡಿಯೋ, ಎಲ್ಲರೂ ಅವನನ್ನು ಹಂಡೆ ಅಂತಲೇ ಕರೆಯುತ್ತಿದ್ದರು.

ಒಂದು ದಿನ ಬೆಳಿಗ್ಗೆ ಟಾಕೀಸಮ್ಮ ಬಕೆಟ್ ತುಂಬ ಒದ್ದೆ ಸಿಪ್ಪೆ ತಂದು ಅವನ ಗಾಡಿಯ ಮೇಲೆ ಸುರಿದಳು.

"ತಗೋ ನಿನ್ನ ಮಾಲು. ಎಲ್ಲಾ ವಾಪಸ್!"

ಹಂಡೆ ಆ ರಾಶಿಯನ್ನು ಕೆದಕಿ ನೋಡಿದ. "ಕಾಳೆಲ್ಲಿ ಅಕ್ಕಾ?"

"ನಿನ್ನ ತಲೆಯಲ್ಲಂತೂ ಇಲ್ಲ. ನಾಳೆಯಿಂದ ಸುಲಿದು ಮಾರು. ಇಲ್ಲಾಂದ್ರೆ ಮ್ಯಾನೇಜರ್‌ಗೆ ಹೇಳಿ ಗಾಡಿ ಎತ್ತಿಸ್ತೀನಿ."

ಮ್ಯಾನೇಜರ್ ಮಾಲೀಕನಿಗಿಂತ ಹೆಚ್ಚಾಗಿ ಟಾಕೀಸಮ್ಮನಿಗೆ ಹೆದರುತ್ತಿದ್ದ. ವಿಷಯ ಪೂರ್ತಿ ಕೇಳದೆಯೇ ಹೂಂ ಅಂದುಬಿಟ್ಟ. ಪಾಪ, ಹಂಡೆ ಬೆಳಗಿನಿಂದ ಕೂತು ಸುಲಿದ. ಬೆರಳೆಲ್ಲ ಸುಕ್ಕುಗಟ್ಟಿದವು. ಬರೀ ಕಾಳು ಕಾಗದದ ಪೊಟ್ಟಣ ಸೇರಿತು.

ಆಗ ಓಡುತ್ತಿದ್ದುದು ಅಳಿಸುವ ಸಿನಿಮಾ. ನಾಯಕಿ ಶುರುವಿನಿಂದಲೇ ಕೆಮ್ಮುತ್ತ, ಕೊನೆಗೆ ಬಹಳ ಹೊತ್ತು ತಗೊಂಡು ಸಾಯುತ್ತಾಳೆ. ಹಿಂದಿನ ವಾರ ಜನ ಸುಲಿಯುತ್ತ, ಚೀಪುತ್ತ, ಮೂಗು ಒರೆಸಿಕೊಳ್ಳುತ್ತ ಭರ್ಜರಿಯಾಗಿ ಅತ್ತಿದ್ದರು. ಈಗ ಪರದೆಯ ಮೇಲೆ ಹೆಸರುಗಳನ್ನು ತೋರಿಸಿ ಮುಗಿಯುವಷ್ಟರಲ್ಲಿ ಪೊಟ್ಟಣ ಖಾಲಿ. ಕೈಗೆ ಕೆಲಸವಿಲ್ಲ. ಕೈಗೆ ಕೆಲಸವಿಲ್ಲದ ಜನ ಬೇರೆ ದಾರಿ ಕಾಣದೆ ಸಿನಿಮಾ ನೋಡಿದರು. ಎಡವಟ್ಟಾಗಿದ್ದೇ ಅಲ್ಲಿ.

"ಅಲ್ರೀ, ಆಗಿಂದ ಕೆಮ್ತಾ ಇದ್ದಾಳೆ, ಒಬ್ಬರಾದ್ರೂ ಡಾಕ್ಟರನ್ನ ಕರೀಬಾರದಾ?" ಅಂತ ಕತ್ತಲಲ್ಲಿ ಯಾರೋ ಕೂಗಿದರು. ಇಡೀ ಟಾಕೀಸು ಗೊಳ್ಳೆಂದಿತು. ನಾಯಕಿ ಪ್ರಾಣ ಬಿಡುವಾಗ ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಆಟ ಬಿಟ್ಟ ಮೇಲೆ ಜನ ಮ್ಯಾನೇಜರನ ಕೋಣೆಗೆ ನುಗ್ಗಿ, ಇದೂ ಒಂದು ಸಿನಿಮಾನಾ ಅಂತ ತರಾಟೆಗೆ ತಗೊಂಡರು.

ವಾರ ಕಳೆಯುವಷ್ಟರಲ್ಲಿ ಟಾಕೀಸು ಬಣಗುಟ್ಟಿತು. ನೆಲ ಕನ್ನಡಿಯಂತಿತ್ತು. ಟಾಕೀಸಮ್ಮನ ಕೆಲಸ ಚಿಟಿಕೆಯಲ್ಲಿ ಮುಗಿಯಿತು. ಬೈಯಲು ಯಾರೂ ಇಲ್ಲದೆ ಬಾಯಿ ತುರಿಸತೊಡಗಿತು. ಸುಮ್ಮನೆ ಗೇಟಿನ ಹೊರಗೆ ಬಂದು ಒಂದು ಪೊಟ್ಟಣ ಕೇಳಿದಳು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಥೂ, ಸಪ್ಪೆ! ಉಪ್ಪು ಹಾಕಲ್ವೇನೋ?"

"ಹಾಕ್ತೀನಕ್ಕಾ. ಉಪ್ಪುನೀರೆಲ್ಲ ಸಿಪ್ಪೆಯೊಳಗೇ ನಿಂತಿರುತ್ತೆ. ಕಚ್ಚಿದಾಗ ಪಿಚಕ್ ಅಂತ ಬಾಯಿಗೆ ಬರಬೇಕು." ಹಂಡೆ ಅವಳನ್ನೇ ನೋಡಿದ. "ಇಷ್ಟು ವರ್ಷದಲ್ಲಿ ನೀವು ಒಂದೂ ತಿಂದಿಲ್ವಾ?"

"ಶತ್ರು ಮನೇಲಿ ಯಾರಾದ್ರೂ ಉಣ್ತಾರಾ?"

ಅವನು ಹಂಡೆಯ ತಳದಿಂದ ಸುಲಿಯದ ಒಂದು ಹಿಡಿ ತೆಗೆದುಕೊಟ್ಟ. ಬಿಸಿಬಿಸಿ, ಹಬೆಯಾಡುತ್ತಿತ್ತು. ಅವಳು ಅಡ್ಡಡ್ಡ ಕಚ್ಚಿದಳು. ಉಪ್ಪುನೀರು ಬಾಯಿಗೆ ಬರುವ ಬದಲು ನೇರ ಅವನ ಕಣ್ಣಿಗೆ ಹಾರಿತು. ಹಂಡೆ ಅಯ್ಯಯ್ಯೋ ಅಂತ ಕುಣಿದ. ಟಾಕೀಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅವನ ಸ್ಟೂಲಿನ ಮೇಲೇ ಕೂತಳು, ಆ ಹಿಡಿ ಮುಗಿಸಿ ಇನ್ನೊಂದು ಹಿಡಿಗೆ ಕೈಯೊಡ್ಡಿದಳು. ಅವಳ ಕಾಲ ಬಳಿ ಸಿಪ್ಪೆಯ ಗುಡ್ಡೆಯೇ ಬಿತ್ತು. ಹಂಡೆ ಒಂದು ಕಣ್ಣು ಉಜ್ಜಿಕೊಳ್ಳುತ್ತ ಅದನ್ನು ಬೊಟ್ಟು ಮಾಡಿ ತೋರಿಸಿದ.

"ಅದು ರಸ್ತೆ. ನನ್ನ ಲೆಕ್ಕಕ್ಕೆ ಬರಲ್ಲ," ಅಂದಳು.

ಅಷ್ಟರಲ್ಲಿ ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. "ಅಮ್ಮಾ, ಸಿಪ್ಪೆ ಸಮೇತ ಮಾರಲಿ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ!"

"ಮಾರಲಿ. ಆದ್ರೆ ಮ್ಯಾಟಿನಿ ಬಿಟ್ಟ ಮೇಲೆ ಇವನೂ ಒಳಗೆ ಬಂದು ಗುಡಿಸಬೇಕು."

ಹಂಡೆ ಒಪ್ಪಿದ. ಸಿಪ್ಪೆಯೂ ಬಂತು, ಜನವೂ ಬಂದರು, ನಾಯಕಿ ಮತ್ತೆ ಮರ್ಯಾದೆಯಿಂದ ಸತ್ತಳು. ಗುಡಿಸಲು ಬಂದ ಮೊದಲ ದಿನವೇ ಹಂಡೆ ಎರಡು ಸಾಲುಗಳ ನಡುವೆ ಸಿಕ್ಕಿಹಾಕಿಕೊಂಡ. ಒಂದು ಕೈಯನ್ನು ಟಾಕೀಸಮ್ಮ, ಇನ್ನೊಂದನ್ನು ಮ್ಯಾನೇಜರ್ ಹಿಡಿದು ಎಳೆದರು.

"ನಿಧಾನ ಅಕ್ಕಾ, ಅಂಗಿ ಗುಂಡಿ ಕಿತ್ತುಹೋಗುತ್ತೆ!"

"ಹೋಗಲಿ, ಹೊಟ್ಟೆಗೆ ಸ್ವಲ್ಪ ಗಾಳಿಯಾಡುತ್ತೆ!"

ಗುಂಡಿಗಳೆಲ್ಲ ಪಟಪಟನೆ ಹಾರಿದ ಮೇಲೆ ಅವನು ಹೊರಗೆ ಬಂದ. ಮರುದಿನದಿಂದ ನಡುವಿನ ದಾರಿ ಅವನಿಗೆ, ಸೀಟಿನ ಸಂದಿ ಅವಳಿಗೆ ಅಂತ ಪಾಲಾಯಿತು. ಆ ಕಡೆಯಿಂದ ಇವಳು ಬೈಯುವುದು, ಈ ಕಡೆಯಿಂದ ಅವನು ಗೊಣಗುವುದು ದಿನಾ ನಡೆಯಿತು. ಅದನ್ನು ಕೇಳಲೆಂದೇ ಮ್ಯಾನೇಜರ್ ಬಾಲ್ಕನಿಯಲ್ಲಿ ಪೊಟ್ಟಣ ಹಿಡಿದು ಒಬ್ಬನೇ ಕೂರುತ್ತಿದ್ದ. ಸಿಪ್ಪೆಯನ್ನು ಮಾತ್ರ ಜೋಪಾನವಾಗಿ ತನ್ನ ಜೇಬಿಗೇ ಹಾಕಿಕೊಳ್ಳುತ್ತಿದ್ದ.