ನಿಯಾನ್ ಗೆರೆಯ ಮೂರನೆಯವಳು

ಕೊಳತ್ತೂರಿನಲ್ಲಿ ಮದುವೆ ಊಟಕ್ಕೆ ಉಪ್ಪು ಕಮ್ಮಿಯಾದರೂ ಜನ ಸಹಿಸಿಕೊಳ್ಳುತ್ತಾರೆ, ಮಂಟಪದ ಬಾಗಿಲಲ್ಲಿ ಫ್ಲೆಕ್ಸ್ ಇಲ್ಲದಿದ್ದರೆ ಸಹಿಸುವುದಿಲ್ಲ. ಈಗೀಗಂತೂ ಸಾದಾ ಫೋಟೋ ಯಾರಿಗೆ ಬೇಕು ಹೇಳಿ! ಗಂಡು ಹೆಣ್ಣಿನ ಮೈಸುತ್ತ ಅಂಗಡಿ ಬೋರ್ಡಿನ ಹಾಗೆ ಗುಲಾಬಿ, ನೀಲಿ ಬೆಳಕಿನ ಗೆರೆ ಉರಿಯುತ್ತಿರಬೇಕು. ಆ ನಿಯಾನ್ ಕೆಲಸದಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಅಂಗಡಿಯ ರೋಜಾಳದು ಎತ್ತಿದ ಕೈ. ಊರವರಿಗೆಲ್ಲ ಬೆಳಕು ಹಚ್ಚಿದ ಹುಡುಗಿ ಆ ಮಧ್ಯಾಹ್ನ ಕಂಪ್ಯೂಟರಿನಲ್ಲಿ ತನ್ನದೇ ನಿಶ್ಚಿತಾರ್ಥದ ಫೋಟೋ ತೆರೆದು ಕೂತಿದ್ದಳು. ಮುಖದ ನಗು ಮಾಸುತ್ತಿರಲಿಲ್ಲ.

ಫೋಟೋದಲ್ಲಿದ್ದದ್ದು ಇಬ್ಬರೇ. ಈ ಕಡೆ ರೋಜಾ, ಆ ಕಡೆ ಮೊರಪ್ಪೂರಿನ ಧನಶೇಖರ್, ನಡುವೆ ನಾಚಿಕೆಗೆ ಬಿಟ್ಟಷ್ಟು ಜಾಗ, ಹಿಂದೆ ರೋಜಾಳ ಮನೆಯ ಹಸಿರು ಗೋಡೆ. ಅವಳು ಹಿನ್ನೆಲೆಯನ್ನು ಕತ್ತಲಾಗಿಸಿದಳು. ಮನುಷ್ಯರನ್ನು ತಾನೇ ಹುಡುಕಿ ಅಂಚು ಹಿಡಿಯುವ ಬಟನ್ ಒತ್ತಿದಳು. ಆ ಅಂಚಿಗೆ ಗುಲಾಬಿ ಗೆರೆ ಎಳೆದು, ಅದರದೇ ಇನ್ನೊಂದು ಪ್ರತಿಯನ್ನು ಮಸುಕಾಗಿಸಿ ಕೆಳಗಿಟ್ಟಳು. ಝಗ್ಗೆಂದು ಬೆಳಗಿತು. ಬೆಳಕಿನ ಗೆರೆಯಲ್ಲಿ ಮೂರು ಜನ ನಿಂತಿದ್ದರು.

"ಥೂ, ಇದ್ರ ಮೂತಿಗೆ!" ಎಂದು ಕಂಪ್ಯೂಟರಿಗೆ ಬೈದು ಅಳಿಸಿದಳು. ಮತ್ತೆ ಒತ್ತಿದಳು, ಮತ್ತೆ ಮೂರು. ಯಂತ್ರದ ಸಹವಾಸವೇ ಬೇಡವೆಂದು ಪೆನ್ ಟೂಲ್ ಹಿಡಿದು ಇಬ್ಬರ ಸುತ್ತ ಮಾತ್ರ ಕೈಯಾರೆ ಗೆರೆ ಎಳೆದಳು. ಹೊಳಪು ಕೊಟ್ಟ ಕೂಡಲೇ ನಡುವಿನ ಖಾಲಿ ಜಾಗದಲ್ಲಿ ಮೂರನೆಯ ಗೆರೆ ತಾನಾಗಿ ಹೊತ್ತಿಕೊಂಡಿತು. ತುರುಬು, ಹೆಗಲ ಮೇಲಿನ ಸೆರಗು, ಮುಂದೆ ಚಾಚಿದ ಒಂದು ಕೈ. ಒಳಗೆ ಮುಖವಿಲ್ಲ, ಕತ್ತಲು ಮಾತ್ರ. ರೋಜಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

ಅಷ್ಟರಲ್ಲಿ ಬುತ್ತಿ ಹಿಡಿದು ಅವಳ ತಾಯಿ ಮಂಜುಳಮ್ಮ ಬಂದಳು. ಪರದೆಯತ್ತ ಕಣ್ಣು ಹೋದದ್ದೇ ಬುತ್ತಿಯನ್ನು ಎದೆಗೆ ಅವುಚಿಕೊಂಡಳು.

"ಇದ್ಯಾರ್ಲೇ ನಡುವೆ ನಿಂತಿರೋಳು?"

ಕಂಡದ್ದು ತನ್ನೊಬ್ಬಳಿಗೇ ಅಲ್ಲ ಎಂದು ತಿಳಿದು ರೋಜಾಳಿಗೆ ಇನ್ನಷ್ಟು ಭಯವಾಯಿತು.

"ಪೂವಾಡೈಕಾರಿ," ಎಂದಳು ಮಂಜುಳಮ್ಮ ತಗ್ಗಿದ ದನಿಯಲ್ಲಿ. "ಗಂಡಿನೋರ ಮನೇಲಿ ಯಾರೋ ಅಂಥೋಳು ಅವ್ಳೆ. ಮುಚ್ಚಿಟ್ಟವ್ರೆ."

ಮುತ್ತೈದೆಯಾಗಿಯೇ ಸತ್ತ ಹೆಣ್ಣನ್ನು ಆ ತಮಿಳು ಸೀಮೆಯಲ್ಲಿ ಹಾಗೆ ಕರೆಯುತ್ತಾರೆ. ಮನೆಯಲ್ಲಿ ಮದುವೆಯೆಂದರೆ ಮೊದಲು ಅವಳಿಗೆ ಸೀರೆ, ಬಳೆ, ಹೂವಿಟ್ಟು, ಎಡೆ ಹಾಕಿ, ಹೆಸರು ಹಿಡಿದು ಕರೆಯಬೇಕು. ಅವಳು ಉಂಡ ಮೇಲೆಯೇ ಉಳಿದ ಶಾಸ್ತ್ರ. ಹೆಣ್ಣು ಕೇಳಲು ಬಂದಾಗ ಮಂಜುಳಮ್ಮ ಇದನ್ನೇ ಕೇಳಿದ್ದಳು. ನಮ್ಮಲ್ಲಿ ಹಾಗೆ ಯಾರೂ ಇಲ್ಲ ಎಂದು ಗಂಡಿನ ಕಡೆಯವರು ಎಲೆಯಡಿಕೆ ಜಗಿಯುತ್ತ ಹೇಳಿದ್ದರು. ಎಂಥಾ ಜನವೋ!

ರೋಜಾ ಧನಶೇಖರನಿಗೆ ಫೋನ್ ಮಾಡಿದಳು. "ಮಾಮ, ನಮ್ಮ ಫೋಟೋದಾಗೆ ಇನ್ನೊಬ್ರು ಯಾರೋ ಬಿದ್ದವ್ರೆ."

ಧನಶೇಖರ್ ತಟ್ಟನೆ ಕೇಳಿದ, "ಯಾರ ಪಕ್ಕ ನಿಂತವ್ಳೆ? ನನ್ನ ಪಕ್ಕಾನಾ, ನಿನ್ನ ಪಕ್ಕಾನಾ?"

ಹೆಂಗಸೆಂದು ರೋಜಾ ಹೇಳಿಯೇ ಇರಲಿಲ್ಲ.

"ಯಾರು ಮಾಮ ಅವ್ಳು?"

"ಮೊದ್ಲು ಕಟ್ಕೊಂಡೋಳು. ಸತ್ತೋದೋಳ ಮಾತು ಈಗ್ಯಾಕೆ? ಅಳಿಸಾಕು."

"ಎಂಗೆ ಸತ್ಲು?"

"ಅಳಿಸಾಕು ಅಂದ್ನಲ್ಲ!" ಎಂದು ಕಿರುಚಿ ಫೋನಿಟ್ಟ. ಅಷ್ಟು ದಿನ ಜೇನು ಸುರಿಸಿದ ಬಾಯಿಂದ ಆ ದನಿ ಬಂದದ್ದು ಅದೇ ಮೊದಲು.

ರೋಜಾ ಚಿತ್ರವನ್ನು ಹಿಗ್ಗಿಸಿದಳು. ಆ ಕೈ ಧನಶೇಖರನತ್ತ ಚಾಚಿದ್ದೆಂದು ಇಷ್ಟು ಹೊತ್ತು ತಿಳಿದಿದ್ದಳು. ಅಲ್ಲ. ನಡುವಿನವಳು ಅವನಿಗೆ ಬೆನ್ನು ಹಾಕಿ ನಿಂತಿದ್ದಳು. ಬಸ್ಸಿಗೆ ಅಡ್ಡ ಓಡುವ ಮಗುವನ್ನು ತಾಯಿ ತಡೆಯುವಂತೆ ಅಂಗೈ ರೋಜಾಳ ಎದೆಯ ಮೇಲೆ ಒತ್ತಿತ್ತು. ಫೋಟೋದ ರೋಜಾ ಒಂದಿಷ್ಟು ಹಿಂದಕ್ಕೆ ವಾಲಿದ್ದಳು. ನಾಚಿಕೆಯಿಂದ ಹಾಗೆ ನಿಂತೆ ಎಂದುಕೊಂಡಿದ್ದಳು, ಪಾಪ. ಈಗ ಎದೆಯ ಅದೇ ಜಾಗದಲ್ಲಿ ತಣ್ಣನೆಯ ಒತ್ತು ತಿಳಿಯಿತು.

"ಅಮ್ಮಾ, ನಂಗೀ ಮದ್ವೆ ಬ್ಯಾಡ," ಎಂದು ಗೊಳೋ ಎಂದು ಅತ್ತಳು.

"ಮದ್ವೆ ಮನೆ ಆಳಾಗೋಗ್ಲಿ, ನಡಿ ಮನೆಗೆ," ಎಂದಳು ಮಂಜುಳಮ್ಮ.

ಮನೆಗೆ ಬಂದವಳೇ ಮಂಜುಳಮ್ಮ ಹಸಿರು ಗೋಡೆಯ ಬುಡದಲ್ಲಿ ಮಣೆ ಹಾಕಿದಳು. ಧಾರೆಗೆಂದು ತಂದಿದ್ದ ಸೀರೆಯನ್ನೇ ಮಡಿಸಿಟ್ಟಳು. ಬಳೆ, ಮಲ್ಲಿಗೆ ಇಟ್ಟು, ಎಲೆ ಹಾಕಿ ಅನ್ನ ಬಡಿಸಿದಳು.

"ನಮಗೂ ಅವ್ಳಿಗೂ ಏನಮ್ಮ ಸಂಬಂಧ?"

"ನಿನ್ನ ಉಳಿಸಿದೋಳ್ಗೆ ಸಂಬಂಧ ಬೇರೆ ಬೇಕಾ? ಎಸ್ರಿಡಿದು ಕರಿ."

ಹೆಸರು ಯಾರಿಗೆ ಗೊತ್ತು? ಧನಶೇಖರನ ಫೋನ್ ಆಫ್ ಆಗಿತ್ತು. ಅನ್ನದ ಹಬೆ ಆರುತ್ತ ಬಂತು. ತಾನು ಆ ಮನೆಗೆ ಹೋಗಿ ಎರಡನೆಯವಳಾಗಿದ್ದರೆ ಆ ಮೊದಲನೆಯವಳನ್ನು ಏನೆಂದು ಕರೆಯಬೇಕಿತ್ತೋ, ಅದೇ ರೋಜಾಳ ಬಾಯಿಗೆ ಬಂತು.

"ಅಕ್ಕಾ," ಎಂದಳು ಕೈಮುಗಿದು. "ಬಾ, ಉಣ್ಣು."

ಮಣೆಯ ಮೇಲಿನ ಸೀರೆಯ ಮಡಿಕೆ ನಿಧಾನವಾಗಿ ಬಿಚ್ಚಿಕೊಳ್ಳತೊಡಗಿತು. ಮಂಜುಳಮ್ಮ ತಲೆಯೆತ್ತಿ ನೋಡಲಿಲ್ಲ. ಮಗಳನ್ನು ತನ್ನತ್ತ ಎಳೆದುಕೊಂಡು, ಎಲೆಯ ಮುಂದೆ ಜಾಗ ಬಿಟ್ಟು ಸರಿದು ಕೂತಳು.