ಮಲ್ಕಾಳ ಕಡೆಯ ಗೋಡೆ

ಯಲಹಂಕದ ಹಳೇ ಪೇಟೆಯಲ್ಲಿ ನೆಲಮಾಳಿಗೆ ಇದ್ದ ಮನೆಗಳು ಕಡಿಮೆ. ಇದ್ದವರು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು, ಒಳಗಿನ ತೇವದ ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಚನ್ನಕೇಶವನ ನೆಲಮಾಳಿಗೆಯಲ್ಲಿ ರಾಗಿ ಮೂಟೆಗಳಿದ್ದವು, ಮೂಡಲ ಗೋಡೆಯಲ್ಲಿ ಉಪ್ಪಿತ್ತು. ಬೆಳಗಾಗುವಷ್ಟರಲ್ಲಿ ಅಕ್ಕಿಹಿಟ್ಟು ಎರಚಿದಂತೆ ಗೋಡೆ ಬೆಳ್ಳಗಾಗುತ್ತಿತ್ತು, ಗಾರೆ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಅದನ್ನು ಒಣ ಪೊರಕೆಯಿಂದ ಕೆರೆದು ಗುಡಿಸುವುದು ಅವನ ಹೆಂಡತಿ ಪಟಾಲಮ್ಮನ ಪಾಲಿನ ಕೆಲಸ. ತೊಳೆಯುವಂತಿರಲಿಲ್ಲ, ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ತೇವ ಎಲ್ಲಿಂದ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗೋಡೆಯ ಆಚೆಗೆ ಪಕ್ಕದ ಮನೆಯ ಹಿತ್ತಲಿನ ಬಚ್ಚಲು. ಅಲ್ಲಿ ಜಹೀರನ ಹೆಂಡತಿ ಮಲ್ಕಾ ಮಕ್ಕಳಿಗೆ ನೀರು ಹೊಯ್ಯುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಒಂದು ಹಂಡೆ ಸಾಕಾಗುವ ಕಡೆ ಎರಡು ಹಂಡೆ ಸುರಿಯುತ್ತಿದ್ದಳು. ಅವಳೂ ಪಟಾಲಮ್ಮನೂ ಒಂದೇ ವರ್ಷ ಮದುವೆಯಾಗಿ ಆ ಬೀದಿಗೆ ಬಂದವರು. ಪಟಾಲಮ್ಮ ಕೆಳಗಿಳಿದು ಪೊರಕೆಯ ಬುಡದಿಂದ ಗೋಡೆಗೆ ಕುಟ್ಟಿದರೆ, ಮಲ್ಕಾ ಆಚೆಯಿಂದ ಚೊಂಬಿನಲ್ಲಿ ಕುಟ್ಟುತ್ತಿದ್ದಳು. ಅಂದರೆ, ಹಿತ್ತಲಿಗೆ ಬಾ. ಮೋಟುಗೋಡೆಯ ಮೇಲೆ ಮೊಣಕೈ ಊರಿ ನಿಂತರೆಂದರೆ ಮುಗಿಯಿತು, ಜಕ್ಕೂರಿನ ವಿಮಾನ ತಲೆಯ ಮೇಲೇ ಹೋದರೂ ಮಾತು ನಿಲ್ಲುತ್ತಿರಲಿಲ್ಲ. ಒಲೆಯ ಮೇಲಿಟ್ಟದ್ದು ಸೀದುಹೋಗುತ್ತಿತ್ತು.

"ನಿನ್ ನೀರಿಂದ ನಮ್ ಗೋಡೆ ಹಾಳಾಗೋಯ್ತು ಕಣೇ."

"ಹೋಗ್ಲಿ ಬಿಡೇ. ಗೋಡೆ ಒಣಗಿದ್ರೆ ನೀನು ಕೆಳಗೆ ಇಳೀತೀಯಾ? ನನ್ನ ಕರೀತೀಯಾ?"

ಅರವತ್ತನೇ ಇಸವಿಯ ದೀಪಾವಳಿ ಕಳೆದ ಮೇಲೆ ಜಹೀರನಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು. ಬಾಗಿಲಿಗೆ ಬೀಗ ಬಿತ್ತು. ಜಟಕಾ ಹತ್ತುವಾಗ ಮಲ್ಕಾ, "ಬೇಸಿಗೇಲಿ ಬಂದ್ಬಿಡ್ತೀನಿ, ಅಳ್ಬೇಡ," ಎಂದಳು. ಅಳುತ್ತಿದ್ದವಳು ಅವಳೇ.

ಬೇಸಿಗೆ ಬಂತು, ಮಲ್ಕಾ ಬರಲಿಲ್ಲ. ಗೋಡೆ ಒಣಗತೊಡಗಿತು. ಚನ್ನಕೇಶವನಿಗೆ ಹಿಗ್ಗೋ ಹಿಗ್ಗು. ಸಿಮೆಂಟ್ ಬಳಿಸಿಬಿಡೋಣವೆಂದು ಗಾರೆ ಕೆಲಸದವನನ್ನು ಕರೆತಂದ. ಅವನು ಗೋಡೆ ಮುಟ್ಟಿ ನೋಡಿ, "ತ್ಯಾವ ಇರೋವಾಗ ಬಳಿದ್ರೆ ಉಪ್ಪು ಮ್ಯಾಲಕ್ಕೆ ಅತ್ತಿ ನಡುಮನೆಗೆ ಬತ್ತದೆ. ಪೂರ್ತಿ ಒಣಗ್ಲಿ, ಆಮ್ಯಾಕೆ ಕರೀರಿ," ಎಂದು ಹೊರಟುಹೋದ.

ಒಂದು ಬೆಳಿಗ್ಗೆ ಪಟಾಲಮ್ಮ ಕೆಳಗಿಳಿದಾಗ ಗುಡಿಸಲು ಏನೂ ಇರಲಿಲ್ಲ. ಅಭ್ಯಾಸಬಲದಿಂದ ಕುಟ್ಟಿದಳು, ಕಿವಿಗೊಟ್ಟು ನಿಂತಳು. ಅಂಗೈ ಇಟ್ಟು ನೋಡಿದಳು, ಗೋಡೆ ಬೆಚ್ಚಗಿತ್ತು. ಮನೆಯವರಿಗೆಲ್ಲ ಅದು ಒಳ್ಳೆಯ ಸುದ್ದಿ. ಅವಳಿಗೆ ಮಾತ್ರ ಮಲ್ಕಾ ಹೋದದ್ದು ಆವತ್ತೇ ನಿಜವಾಯಿತು. ಮೂಟೆಗೆ ಒರಗಿ ಅತ್ತಳು. ಆಮೇಲೆ ಬಾವಿಯಿಂದ ಒಂದು ಬಿಂದಿಗೆ ಸೇದಿ, ಮೋಟುಗೋಡೆ ದಾಟಿ, ಮಲ್ಕಾಳ ಬಚ್ಚಲಿಗೆ ಹೊಯ್ದುಬಂದಳು. ಮಾರನೆಯ ದಿನವೂ ಹೊಯ್ದಳು. ಹುಚ್ಚು ಅನ್ನುವವರು ಅನ್ನಲಿ, ಅವರಿಗೆ ಅಂಥ ಗೆಳತಿ ಇದ್ದಿರಲಾರಳು.

ಗೋಡೆ ಮತ್ತೆ ಉಪ್ಪು ಬಿಟ್ಟಿತು. ಚನ್ನಕೇಶವ ತಲೆ ಕೆರೆದುಕೊಂಡ.

"ಪಕ್ಕದ್ ಮನೆ ಬೀಗ ಆಕೈತೆ, ಮಳೆ ಇಲ್ಲ. ಎಲ್ಲಿಂದ ಬತ್ತದವ್ವಾ ಈ ನೀರು?"

ಅವನ ತಾಯಿ ಸೊಣ್ಣಮ್ಮ ಮೆಟ್ಟಿಲಿಳಿದು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಸೊಸೆಯ ಮುಖವನ್ನೂ ನೋಡಿದಳು. ಗೋಡೆ ಮುಟ್ಟಿ ಒದ್ದೆಯಾದ ಕೈಯನ್ನು ಕಣ್ಣಿಗೊತ್ತಿಕೊಂಡು, "ಗಂಗಮ್ಮ ಒಲಿದವಳೆ ಕಣೋ," ಎಂದಳು. ಗೋಡೆಗೆ ಅರಿಸಿನ ಕುಂಕುಮ ಬಿತ್ತು, ಬುಡದಲ್ಲಿ ದೀಪ ಬಂತು. ಬೀದಿಯ ಹೆಂಗಸರು ಕೈಮುಗಿದು ಹೋದರು. ಸಿಮೆಂಟಿನ ಮಾತೆತ್ತಿದ ಮಗನಿಗೆ, "ಗಂಗಮ್ಮನ ಬಾಯಿಗೆ ಬಳೀತೀಯೇನೋ?" ಎಂದು ಗದರಿದಳು. ಅವನು ತೆಪ್ಪಗೆ ಮೂಟೆಗಳನ್ನು ಪಡುವಲ ಕಡೆಯ ಹಲಗೆಗಳ ಮೇಲಕ್ಕೆ ಸರಿಸಿದ. ಪಟಾಲಮ್ಮನಿಗೆ ನಗುವೂ ಬಂತು, ಭಯವೂ ಆಯಿತು. ನೀರು ಹೊಯ್ಯುವುದನ್ನು ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ತಂಗಿಯ ಬಾಣಂತನಕ್ಕೆಂದು ಮಾಕಳಿಯ ತವರಿನಿಂದ ಕರೆ ಬಂತು. ಹೋಗದೆ ವಿಧಿಯಿಲ್ಲ. ಅಲ್ಲಿ ಕೂಸಿಗೆ ಎಣ್ಣೆ ತಿಕ್ಕುವಾಗಲೂ ಅವಳಿಗೆ ಗೋಡೆಯದೇ ಚಿಂತೆ. ಒಣಗುತ್ತದೆ, ಗಾರೆಯವನು ಬಂದು ಸಿಮೆಂಟ್ ಬಳಿಯುತ್ತಾನೆ, ಆಮೇಲೆ ಮಲ್ಕಾ ಬಂದು ಕುಟ್ಟಿದರೂ ತನಗೆ ಕೇಳಿಸುವುದಿಲ್ಲ.

ಹಿಂದಿರುಗಿದಾಗ ಮಳೆ ಇನ್ನೂ ಹಿಡಿದಿರಲಿಲ್ಲ. ಕೈಯಲ್ಲಿನ ಗಂಟು ಇಳಿಸದೆ ನೇರ ನೆಲಮಾಳಿಗೆಗೆ ಇಳಿದಳು. ಗೋಡೆ ಬೆಳ್ಳಗೆ ಹೊಸ ಉಪ್ಪು ಬಿಟ್ಟಿತ್ತು. ಮುಟ್ಟಿದರೆ ತಣ್ಣಗೆ, ಒದ್ದೆ. ಪೊರಕೆ ಎತ್ತಿಕೊಂಡು ಕುಟ್ಟಿದಳು.

ಆಚೆಯಿಂದ ಚೊಂಬಿನ ಸದ್ದು ಬಂತು.

"ಮಲ್ಕಾ!" ಎನ್ನುತ್ತ ಮೆಟ್ಟಿಲು ಹತ್ತಿ, ನಡುಮನೆ ದಾಟಿ, ಹಿತ್ತಲಿಗೆ ಓಡಿದಳು. ಆಚೆ ಮನೆಯ ಹಿಂಬಾಗಿಲು ಮುಚ್ಚೇ ಇತ್ತು. ಬಚ್ಚಲಲ್ಲಿ ಸೀರೆ ಎತ್ತಿ ಕಟ್ಟಿ, ಚೊಂಬು ಹಿಡಿದು, ಏದುಸಿರು ಬಿಡುತ್ತ ಸೊಣ್ಣಮ್ಮ ನಿಂತಿದ್ದಳು. ಪಕ್ಕದಲ್ಲಿ ಬರಿದಾದ ಬಿಂದಿಗೆ.

"ಕುಟ್ಟಿದ್ಯಲ್ಲ," ಎಂದಳು ಮುಖ ನೋಡದೆ, "ಸುಮ್ನಿರಕ್ಕೆ ಮನ್ಸು ಬರ್ಲಿಲ್ಲ."

"ಗಂಗಮ್ಮ ಅಂದ್ರಲ್ಲ ಅತ್ತೆ?"

"ಇನ್ನೇನನ್ಲಿ? ಸೊಸೆ ಗೆಳತೀಗೋಸ್ಕರ ಅಳ್ತವಳೆ, ಗೋಡೆ ಮುಟ್ಬೇಡ ಅಂದ್ರೆ ಆ ನನ್ ಮಗ ಕೇಳ್ತಿದ್ನಾ?"

ಪಟಾಲಮ್ಮ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಸೊಣ್ಣಮ್ಮ ತಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಿಂದಿಗೆಯನ್ನು ಅವಳ ಕಡೆ ಸರಿಸಿದಳು.

"ಇನ್ನೊಂದು ಬಿಂದಿಗೆ ತತ್ತಾ. ನಂಗೆ ಸೊಂಟ ಇಡ್ಕೊಂಡೈತೆ."

ಪಟಾಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಾವಿಯ ಕಡೆ ನಡೆದಳು.